ಬಿಸಿ ಆಲೂಗಡ್ಡೆಯೂ ಬಿಸಿತುಪ್ಪವೂ

ಕೋಯಂಬೇಡಿನ ಮಾರುಕಟ್ಟೆಯಲ್ಲಿ ‘ಬೆಂಗಳೂರು ಕತ್ತರಿಕ್ಕಾಯ್’ ಎಂದು ಮಾರುವ ತರಕಾರಿ ನಮ್ಮ ಸೀಮೆಬದನೆಯೇ. ಅಮೆರಿಕ ಖಂಡದ ಮೂಲದ್ದಾದ ಅದನ್ನು ನಾವು ಪರದೇಶದ್ದೆಂದು ‘ಸೀಮೆ’ಗೆ ಸೇರಿಸಿದೆವು, ತಮಿಳರು ಬೆಂಗಳೂರಿನ ಲೆಕ್ಕಕ್ಕೆ ಹಾಕಿದರು. ಪದಾರ್ಥದೊಡನೆ ಮಾತೂ ಊರೂರು ಸುತ್ತುತ್ತದೆ.

1996ರಲ್ಲಿ ಇಲ್ಲಿಗೆ ಬರುವ ಮುಂಚೆ ಈ ತರಕಾರಿ ಸಗಟು ವ್ಯಾಪಾರ ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯಲ್ಲಿತ್ತು. ಚಾವಡಿ ನಮಗೂ ಹೊಸದಲ್ಲ. ಅದನ್ನೇ ಕುಂಪಣಿಯ ಇಂಗ್ಲಿಷರು ‘ಚೌಲ್ಟ್ರಿ’ ಎಂದರು. ಹದಿನೇಳನೆಯ ಶತಮಾನದ ಮದರಾಸಿನಲ್ಲಿ ಅವರ ಚೌಲ್ಟ್ರಿ ನ್ಯಾಯಾಲಯವೂ ಇತ್ತು. ಬೆಂಗಳೂರಿನ ನೆಂಟರು ಮದುವೆಗೆ ‘ಚೌಲ್ಟ್ರಿ ಬುಕ್ ಮಾಡಿದ್ದೇವೆ’ ಎನ್ನುವಾಗ, ಹಳೆಯ ಚಾವಡಿಯೇ ಸೂಟು ತೊಟ್ಟು ಮನೆಗೆ ಮರಳಿದೆ ಎಂದುಕೊಳ್ಳಬೇಕು.

ನುಡಿಗಟ್ಟಿನ ಸಂಗತಿ ಇದಕ್ಕಿಂತ ತೊಡಕಿನದು. ಕುಂಪಣಿಯ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾಯಿತು. ಬಳ್ಳಾರಿ, ಕೆನರಾ ಸೀಮೆಗಳು ಮದರಾಸಿನ ಆಡಳಿತಕ್ಕೆ ಸೇರಿದ್ದರಿಂದ ಕನ್ನಡವೂ ಬೇಕಾಯಿತು. ಮೆಕೆರಲ್ಲನ ವ್ಯಾಕರಣ 1820ರಲ್ಲಿ, ಪಾದ್ರಿ ವಿಲಿಯಂ ರೀವನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಈ ಊರಿನಲ್ಲೇ ಅಚ್ಚಾದವು. ಆದರೆ ನಿಘಂಟು ಹಿಡಿದು ನುಡಿಗಟ್ಟನ್ನು ಪದಪದವಾಗಿ ಬಿಡಿಸಿದರೆ ಕೈಗೆ ಬರುವುದು ಬರೀ ಸಿಪ್ಪೆ.

‘ಹಾಟ್ ಪೊಟೇಟೊ’ವನ್ನೇ ನೋಡಿ. ಯಾರೂ ಕೈಯಲ್ಲಿ ಇಟ್ಟುಕೊಳ್ಳಲೊಲ್ಲದ ಫಜೀತಿಯ ವಿಷಯ ಎಂದು ಅದರ ಅರ್ಥ. ಆಲೂಗಡ್ಡೆಯೋ ಪೋರ್ಚುಗೀಸರು ತಂದದ್ದು. ಕರಾವಳಿಯಲ್ಲಿ ಇಂದಿಗೂ ಅದು ಅವರ ‘ಬಟಾಟೆ’ಯೇ. ಇಂಥ ಫಜೀತಿಗೆ ನಮ್ಮ ಹಿರಿಯರ ಮಾತು ಬಿಸಿತುಪ್ಪ: ನುಂಗಲೂ ಆಗದು, ಉಗುಳಲೂ ಆಗದು. ನನಗೆ ತುಪ್ಪವೇ ಮೇಲೆನಿಸುತ್ತದೆ. ಆಲೂಗಡ್ಡೆಯನ್ನಾದರೆ ಪಕ್ಕದವನ ಕೈಗೆ ದಾಟಿಸಬಹುದು, ಬಾಯಿಗಿಟ್ಟ ತುಪ್ಪವನ್ನು ಯಾರಿಗೆ ದಾಟಿಸುವುದು? ‘ಕ್ಯಾರೆಟ್ ಅಂಡ್ ಸ್ಟಿಕ್’ ಕೂಡ ಅಷ್ಟೆ. ನಮ್ಮ ಸಾಮ ದಾನ ಭೇದ ದಂಡಗಳಲ್ಲಿ ಎರಡನ್ನು ಮಾತ್ರ ಆರಿಸಿ ಕತ್ತೆಯ ಹಿಂದುಮುಂದು ಇಟ್ಟಂತಿದೆ.

ಹಾಗೆಂದು ಎರವಲೆಲ್ಲ ಬೇಡವೆನ್ನಲಾದೀತೆ? ‘ಬೆಳಕು ಚೆಲ್ಲು’, ‘ಶೀತಲ ಸಮರ’ಗಳು ಇಂಗ್ಲಿಷಿನಿಂದ ಬಂದು ನಮ್ಮವೇ ಆಗಿವೆ. ‘ಬಿಳಿಯಾನೆ’ಯಂತೂ ಸಯಾಮಿನ ಅರಸರದು, ಇಂಗ್ಲಿಷಿಗೂ ಎರವಲೇ.

ಇಲ್ಲಿನ ನಮ್ಮ ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟುಗಳು ಶಾಲೆಯಲ್ಲಿ ಬಾಯಿಪಾಠ. ತಮಿಳಿನವು ಬೀದಿಯಲ್ಲಿ ತಾವಾಗಿ ಬರುತ್ತವೆ. ಕನ್ನಡದವು ಮಾತ್ರ ಮನೆಯಲ್ಲಿ ಅಜ್ಜಿಯ ಬಾಯಿಂದಲೇ ಉದುರಬೇಕು. ಅಜ್ಜಿ ಊರಲ್ಲಿದ್ದರೆ ಅದೂ ಇಲ್ಲ. ‘ಬಿಸಿತುಪ್ಪವಾಯಿತಲ್ಲ’ ಎಂದರೆ, ‘ಆರಿದ ಮೇಲೆ ತಿಂದರಾಯಿತು’ ಎನ್ನುವ ಮಕ್ಕಳು ನಮ್ಮ ಮನೆಗಳಲ್ಲಿ ಈಗಾಗಲೇ ಇದ್ದಾರೆ.