ಆರ್ವಿಲ್ ಕಟ್ಟಿದ ಪೆಟ್ಟಿಗೆಗಳು

ಕಳೆದ ತಿಂಗಳು ಊರಿನಿಂದ ನನ್ನ ಹಳೇ ಸಿಪಿಯು ತರಿಸಿಕೊಂಡೆ. ತಮ್ಮ ಪ್ಯಾಕ್ ಮಾಡಿ ಬಸ್ಸಿಗೆ ಹಾಕಿದ್ದ. ಇಲ್ಲಿ ಬಿಚ್ಚಿ ನೋಡಿದರೆ ಹೀಟ್ ಸಿಂಕ್ ಕಿತ್ತುಬಂದು ಒಳಗೆಲ್ಲ ಉರುಳಾಡಿದೆ! ತಕ್ಷಣ ಫೋನ್ ಮಾಡಿ "ಅಷ್ಟೂ ಗೊತ್ತಾಗಲ್ವೇನೋ ನಿಂಗೆ?" ಅಂತ ಬೈದೆ. "ಅಣ್ಣಾ, ಸರಿಯಾಗೇ ಕಟ್ಟಿದ್ದೆ ಕಣೋ" ಅಂದ. ನಾನು ನಂಬಲಿಲ್ಲ. ರಾತ್ರಿ ಮಲಗಿದಾಗ ರೈಟ್ ಸಹೋದರರ ಜಗಳವೊಂದು ನೆನಪಿಗೆ ಬಂತು.

1903ರ ಡಿಸೆಂಬರ್ 17ರಂದು ಅವರು ಹಾರಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆಮೇಲೆ ಆ ವಿಮಾನವನ್ನು ಮಾರೋಕೆ ಪಟ್ಟ ಪಾಡು ಮಾತ್ರ ಪಠ್ಯದಲ್ಲಿರಲಿಲ್ಲ. 1907ರಲ್ಲಿ ಅಣ್ಣ ವಿಲ್ಬರ್ ಗಿರಾಕಿ ಹುಡುಕುತ್ತಾ ಯುರೋಪಿನಲ್ಲಿದ್ದ. ತಮ್ಮ ಆರ್ವಿಲ್ ಅಮೆರಿಕದ ಡೇಟನ್‌ನಲ್ಲಿ ವಿಮಾನವನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗಳಿಗೆ ತುಂಬಿ ಹಡಗಿಗೆ ಹಾಕಿದ. ಪೆಟ್ಟಿಗೆಗಳೇನೋ ಫ್ರಾನ್ಸಿನ ಲ ಹಾವ್ರ್ ಬಂದರು ಮುಟ್ಟಿದವು, ಆದರೆ ವ್ಯಾಪಾರ ಕುದುರಲಿಲ್ಲ. ಅಣ್ಣತಮ್ಮ ಇಬ್ಬರೂ ಊರಿಗೆ ವಾಪಸ್. ಪೆಟ್ಟಿಗೆಗಳು ಮಾತ್ರ ಅಲ್ಲೇ, ಕಸ್ಟಮ್ಸ್ ಗೋದಾಮಿನಲ್ಲಿ ಉಳಿದವು.

1908ರ ಮಾರ್ಚ್‌ನಲ್ಲಿ ಫ್ರೆಂಚರ ಜೊತೆ ಒಪ್ಪಂದವಾಯಿತು. ಹಾರಿಸಿ ತೋರಿಸಿದರೆ ಮಾತ್ರ ದುಡ್ಡು. ಅಲ್ಲಿನ ಪತ್ರಿಕೆಗಳು ಆಗಲೇ ಇವರನ್ನು ಬುರುಡೆ ಬಿಡುವವರು ಅಂತ ಆಡಿಕೊಳ್ಳುತ್ತಿದ್ದವು. ವಿಲ್ಬರ್ ಒಬ್ಬನೇ ಲ ಮಾನ್ ಊರಿಗೆ ಹೋದ. ಲಿಯೋನ್ ಬೊಲ್ಲೇ ಎಂಬ ಕಾರು ತಯಾರಕ ತನ್ನ ಫ್ಯಾಕ್ಟರಿಯಲ್ಲಿ ಜಾಗ ಕೊಟ್ಟಿದ್ದ. ಜೂನ್ 16ರಂದು ಪೆಟ್ಟಿಗೆ ತೆಗೆದರೆ... ರೆಕ್ಕೆಯ ಹತ್ತು ಹನ್ನೆರಡು ಪಟ್ಟಿಗಳು ಮುರಿದಿದ್ದವು. ಬಟ್ಟೆ ಲೆಕ್ಕವಿಲ್ಲದಷ್ಟು ಕಡೆ ಹರಿದಿತ್ತು. ಎಂಜಿನ್ ತಂಪು ಮಾಡುವ ರೇಡಿಯೇಟರುಗಳು ಜಜ್ಜಿಹೋಗಿದ್ದವು. ಕಿಡಿ ಕೊಡುವ ಮ್ಯಾಗ್ನೆಟೊದ ಎಣ್ಣೆ ಮುಚ್ಚಳ ಮುರಿದಿತ್ತು, ಅದರ ಅಚ್ಚು ಕೂಡ ಬಾಗಿರಬಹುದು ಅಂತ ಅನುಮಾನ.

ವಿಲ್ಬರನಿಗೆ ಪಿತ್ತ ನೆತ್ತಿಗೇರಿತು. ಮರುದಿನವೇ ತಮ್ಮನಿಗೆ ಕಾಗದ. ಪ್ಯಾಕ್ ಮಾಡೋಕೆ ಎರಡು ದಿನ ಹೇಗೆ ದಂಡ ಮಾಡಿದೆ, ಸಲಿಕೆಯಲ್ಲಿ ಎತ್ತಿ ತುಂಬಿದ್ದರೆ ನಾನು ಎರಡು ಮೂರು ನಿಮಿಷದಲ್ಲಿ ಇಷ್ಟೇ ಚೆನ್ನಾಗಿ ಮುಗಿಸುತ್ತಿದ್ದೆ, ಇಂಥ ಮೂರ್ಖತನ ಜನ್ಮದಲ್ಲಿ ನೋಡಿಲ್ಲ, ಅನ್ನೋ ಧಾಟಿಯಲ್ಲಿ. (ನಾನು ತಮ್ಮನಿಗೆ ಬೈದದ್ದು ಇದರ ಮುಂದೆ ಏನೂ ಅಲ್ಲ ಬಿಡಿ.)

ಮಾಡಿದವರು ಫ್ರೆಂಚ್ ಕಸ್ಟಮ್ಸ್‌ನವರು ಅಂತ ಆಮೇಲೆ ಗೊತ್ತಾಯಿತು. ತಪಾಸಣೆಗೆ ಬಿಚ್ಚಿ, ಮತ್ತೆ ಹೇಗೆ ಬೇಕೋ ಹಾಗೆ ತುರುಕಿದ್ದರು. ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಂಡು ಏನು ಪ್ರಯೋಜನ? ನಮ್ಮ ಆಫೀಸಲ್ಲೂ ಇದೇ ಅಲ್ಲವೇ, ಪ್ರೊಡಕ್ಷನ್‌ನಲ್ಲಿ ಏನೇ ಮುರಿಯಲಿ, ಕೊನೆಗೆ ಕೋಡ್ ಮುಟ್ಟಿದವನ ತಲೆಗೇ ಕಟ್ಟೋದು.

ಅಣ್ಣ ಏಳು ವಾರ ಕೂತು ರಿಪೇರಿ ಮಾಡಿದ. ಬೊಲ್ಲೇ ಫ್ಯಾಕ್ಟರಿಯವರಿಗೂ ಇವನಿಗೂ ಭಾಷೆ ಬೇರೆ. ಸಾಲದ್ದಕ್ಕೆ ಜುಲೈ 4ರಂದು ಎಂಜಿನ್ ಪರೀಕ್ಷೆ ಮಾಡುವಾಗ ರೇಡಿಯೇಟರಿನ ಪೈಪು ಕಿತ್ತುಕೊಂಡು ಕುದಿಯುವ ನೀರು ಚಿಮ್ಮಿ ತೋಳು, ಪಕ್ಕೆ ಸುಟ್ಟುಕೊಂಡ. ಕೊನೆಗೂ ಆಗಸ್ಟ್ 8ರಂದು ಊರ ಹೊರಗಿನ ಕುದುರೆ ರೇಸ್ ಮೈದಾನದಲ್ಲಿ ಅದೇ ವಿಮಾನ ಮೇಲೆದ್ದಿತು. ಎರಡು ನಿಮಿಷಕ್ಕೂ ಕಮ್ಮಿ ಹಾರಾಟ. ಅಷ್ಟಕ್ಕೇ ಬುರುಡೆ ಅಂದವರೆಲ್ಲ ಬಾಯಿ ಮುಚ್ಚಿದರು.

ಈಗ ಜೆಟ್ ಎಂಜಿನ್ ಕೊಂಡು ಸಾಗಿಸುವವರು ಇದನ್ನೆಲ್ಲ ಯೋಚಿಸಿಯೇ ಕಳಿಸುತ್ತಾರೆ. ಎಂಜಿನ್ನನ್ನು ರಬ್ಬರ್ ಮೌಂಟ್ ಇರುವ ಸ್ಟ್ಯಾಂಡಿನ ಮೇಲೆ ಕೂರಿಸಿ, ತೇವ ಒಳಹೋಗದ ಚೀಲ ಹೊದಿಸಿ, ಒಳಗೆ ಸಿಲಿಕಾ ಜೆಲ್ ಇಡುತ್ತಾರೆ. ರಸ್ತೆಯಲ್ಲಿ ಏರ್ ಸಸ್ಪೆನ್ಷನ್ ಲಾರಿಯೇ ಬೇಕು. ಏಕೆಂದರೆ ತಿರುಗದೆ ನಿಂತ ಎಂಜಿನ್ನಿನ ಬೇರಿಂಗ್ ಗುಂಡುಗಳು ದಾರಿಯುದ್ದಕ್ಕೂ ಕುಲುಕಿ ಕುಲುಕಿ ಒಂದೇ ಜಾಗದಲ್ಲಿ ಗುರುತು ಕೊರೆದುಬಿಡುತ್ತವೆ, ಹೊರಗಿನಿಂದ ನೋಡಿದರೆ ಕಾಣಿಸೋದೇ ಇಲ್ಲ. ನನಗೆ ತುಂಬಾ ಇಷ್ಟವಾಗಿದ್ದು ಶಾಕ್ ರೆಕಾರ್ಡರ್. ಎಷ್ಟು ಗಂಟೆಗೆ ಎಷ್ಟು ಜೋರಾಗಿ ಪೆಟ್ಟು ಬಿತ್ತು ಅಂತ ಬರೆದಿಡುವ ಪುಟ್ಟ ಡಬ್ಬಿ. ಪಕ್ಕಾ ಲಾಗ್ ಫೈಲ್! ಲ ಹಾವ್ರ್ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇದ್ದಿದ್ದರೆ ಆರ್ವಿಲ್‌ಗೆ ಆ ಕಾಗದ ಹೋಗುತ್ತಿರಲಿಲ್ಲ.

ಅದೇ ಸೆಪ್ಟೆಂಬರ್ 17ರಂದು ಅಮೆರಿಕದ ಫೋರ್ಟ್ ಮಯರ್‌ನಲ್ಲಿ ಆರ್ವಿಲ್‌ನ ವಿಮಾನ ಬಿತ್ತು. ಜೊತೆಗಿದ್ದ ಲೆಫ್ಟಿನೆಂಟ್ ಸೆಲ್ಫ್ರಿಡ್ಜ್ ಸತ್ತ, ಆರ್ವಿಲ್‌ನ ಕಾಲು, ಪಕ್ಕೆಲುಬು ಮುರಿದವು. ಸುದ್ದಿ ಕೇಳಿದ ವಿಲ್ಬರ್ ಈ ಸಲ ತಮ್ಮನನ್ನು ಬೈಯಲಿಲ್ಲ. ನಾನು ಅಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ತಂಗಿ ಕ್ಯಾಥರೀನ್‌ಗೆ ಬರೆದ.

ನಮ್ಮ ತಮ್ಮನಿಗೆ ಇನ್ನೂ ಫೋನ್ ಮಾಡಿಲ್ಲ. ಭಾನುವಾರ ಮಾಡಬೇಕು.