ಹದಿನೆಂಟು ಮದ್ದಿನ ಸೊಪ್ಪು

ಅಜ್ಜಿಯರ ಕಥೆಗಳಲ್ಲಿ ಬರುವ ಮಾಯಾಮೂಲಿಕೆಗೆ ಕೆಲವು ಲಕ್ಷಣಗಳುಂಟು. ಅದು ಪೇಟೆಯಲ್ಲಿ ಸಿಗುವುದಿಲ್ಲ. ಇಂಥ ರಾತ್ರಿಯೇ ಹೋಗಬೇಕು, ತಿರುಗಿ ನೋಡಬಾರದು, ಕಬ್ಬಿಣ ಸೋಕಿಸಬಾರದು ಎಂಬ ಕಟ್ಟಳೆಗಳು ಅದರ ಬೆನ್ನಿಗಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಗುರುತಿಸಬಲ್ಲವರು ವಿರಳ. ಸಂಜೀವಿನಿಯನ್ನು ತರಲು ಹೋದ ಹನುಮಂತನಿಗೂ ಗಿಡದ ಗುರುತು ಹತ್ತದೆ ಬೆಟ್ಟವನ್ನೇ ಹೊತ್ತು ತರಬೇಕಾಯಿತಲ್ಲವೆ?

ಇಂಥ ಮೂಲಿಕೆ ಕಥೆಯ ಹೊರಗೂ ಇದೆಯೆ ಎಂದು ಕೇಳಿದರೆ ನಾನು ಭಾಗಮಂಡಲದ ಕಡೆಗೆ ಕೈ ತೋರಿಸುತ್ತೇನೆ. ಕಾವೇರಿ, ಕನ್ನಿಕೆ ಮತ್ತು ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಊರೆಂದು ಯಾತ್ರಿಕರು ಅದನ್ನು ಬಲ್ಲರು. ಅವರು ಹೆಚ್ಚಾಗಿ ಬರುವುದು ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ. ತಲಕಾವೇರಿಯ ತೀರ್ಥವನ್ನು ತುಂಬಿಕೊಂಡು ಹೋಗುವುದಕ್ಕೆ. ನಾನು ಹೇಳಹೊರಟಿರುವುದು ಅದಕ್ಕೆ ಎರಡೂವರೆ ತಿಂಗಳು ಹಿಂದಿನ ಮಾತು. ಆಗ ಮಳೆ ಬಿಡುವಿಲ್ಲದೆ ಸುರಿಯುತ್ತಿರುತ್ತದೆ, ಸಂಗಮ ದಡ ಮೀರಿ ರಸ್ತೆಗೆ ಬರುತ್ತದೆ. ಕೊಡವರು ಅದನ್ನು ಕಕ್ಕಡ ತಿಂಗಳೆನ್ನುತ್ತಾರೆ. ಭಾಗಮಂಡಲದ ಸುತ್ತಲಿನ ಅರೆಭಾಷೆಯ ಗೌಡರು ಆಟಿ ಎನ್ನುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಮದುವೆಯಿಲ್ಲ, ಶುಭಕಾರ್ಯವಿಲ್ಲ; ಗದ್ದೆಯ ಕೆಸರಿನಲ್ಲಿ ನಾಟಿಯ ಕೆಲಸ ಮಾತ್ರ.

ಈ ತಿಂಗಳ 18ನೆಯ ದಿನ, ಸಾಮಾನ್ಯವಾಗಿ ಆಗಸ್ಟ್ 3ರಂದು, ಒಂದು ಗಿಡದಲ್ಲಿ ಹದಿನೆಂಟು ಬಗೆಯ ಔಷಧಗಳು ಬಂದು ಸೇರುತ್ತವೆಂದು ನಂಬಿಕೆ. ತಿಂಗಳ ಮೊದಲ ದಿನ ಒಂದು, ಎರಡನೆಯ ದಿನ ಎರಡು, ಹೀಗೆ ದಿನಕ್ಕೊಂದರಂತೆ ಏರಿ 18ಕ್ಕೆ ತುಂಬುತ್ತದೆ. ಕೊಡವರ ನುಡಿಯಲ್ಲಿ ಅದು ಮದ್ದ್ ತೊಪ್ಪು, ಕನ್ನಡದಲ್ಲಿ ಮದ್ದುಸೊಪ್ಪು. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ಆಡುಸೋಗೆಯ ಬಳಗಕ್ಕೆ ಸೇರಿದ, ಘಟ್ಟದ ನೆರಳಿನಲ್ಲಿ, ತೋಟದ ಅಂಚಿನಲ್ಲಿ ಬೆಳೆಯುವ ಸಾಧಾರಣ ಗಿಡ. ಉಳಿದ ದಿನಗಳಲ್ಲಿ ಅದರ ಪಕ್ಕದಲ್ಲಿಯೇ ನಡೆದುಹೋದರೂ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಸೊಪ್ಪನ್ನು ಎಳೆಯ ದಂಟಿನೊಂದಿಗೆ ನೀರಿನಲ್ಲಿ ಕುದಿಸಿದರೆ ನೀರು ನೇರಿಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಹಸಿರೆಲೆಯಿಂದ ಈ ಬಣ್ಣ ಇಳಿಯುವುದನ್ನು ಮೊದಲ ಸಲ ಕಂಡವರಿಗೆ ಮಾಯೆಯ ಮಾತು ಬರೀ ಉತ್ಪ್ರೇಕ್ಷೆ ಎನಿಸಲಾರದು. ಅದೇ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ ಪಾಯಸ ಮಾಡುತ್ತಾರೆ. ಹಿಟ್ಟು ಬೇಯಿಸಿ ಪುಟ್ಟು ಮಾಡುವುದೂ ಉಂಟು. ಮೇಲೆ ತುಪ್ಪ, ಜೇನು. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತೆಂದು ಹಿರಿಯರು ಸಮಾಧಾನಪಡುತ್ತಾರೆ. ಪ್ರಯೋಗಶಾಲೆಯವರು ಈ ಎಲೆಯಲ್ಲಿ ಉತ್ಕರ್ಷಣ ನಿರೋಧಕ ಗುಣದ ಸಂಯುಕ್ತಗಳನ್ನು ಕಂಡಿದ್ದಾರೆ. ಹದಿನೆಂಟೆಂಬ ಲೆಕ್ಕ ಅಡಿಗೆಮನೆಯದು. ಅದನ್ನು ಪ್ರಯೋಗಶಾಲೆಯಲ್ಲಿ ಎಣಿಸಲು ಹೋಗುವುದು ಅರಸಿಕತನವೆಂದೇ ನನ್ನ ಭಾವನೆ.

ಘಟ್ಟದ ಕೆಳಗೆ ತುಳುನಾಡಿನಲ್ಲಿ ಇದೇ ಆಟಿಯ ಅಮಾವಾಸ್ಯೆಯಂದು ಪಾಲೆಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಅಲ್ಲಿ ಕಟ್ಟಳೆ ಇನ್ನೂ ಬಿಗಿ: ಸೂರ್ಯೋದಯಕ್ಕೆ ಮೊದಲು ಹೋಗಬೇಕು, ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕತ್ತಿ ಮುಟ್ಟಿಸಕೂಡದು. ಕತ್ತಲೆಯಲ್ಲಿ ಪಾಲೆಯೆಂದು ಕಾಸರಕದ ತೊಗಟೆ ತಂದರೆ ಮನೆಮಂದಿಯ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಬಲ್ಲವರು ಹಿಂದಿನ ದಿನವೇ ಮರ ನೋಡಿಟ್ಟು ಬರುತ್ತಾರೆ. ಮಾಯೆಯ ಜೊತೆಗೆ ಗುರುತಿನ ವಿದ್ಯೆಯೂ ನಡೆಯಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಕಕ್ಕಡದ ಉಳಿದ ಊಟವನ್ನು ನೋಡಿದರೆ ಈ ವಿದ್ಯೆಯ ಮೂಲ ಹೊಳೆಯುತ್ತದೆ. ಹಳೆಯ ಕಾಲದಲ್ಲಿ ಇದು ಕಣಜ ಬರಿದಾಗುವ ತಿಂಗಳು. ಆಗ ಕಾಡೇ ಉಗ್ರಾಣ: ಬಿದಿರಿನ ಕಳಲೆ, ಅಣಬೆ, ಕೆಸುವಿನ ಎಲೆ, ಮರಕೆಸು, ಗದ್ದೆಯ ಏಡಿ. ಇವುಗಳಲ್ಲಿ ಅರ್ಧ ಪಾಲು ಹಾಗೆಯೇ ತಿಂದರೆ ಕೇಡು. ಹಸಿ ಕಳಲೆಯಲ್ಲಿ ಸಯನೈಡು ಹುಟ್ಟಿಸುವ ಅಂಶವಿದೆ. ಹೆಚ್ಚಿ ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಬೇಯಿಸಬೇಕು. ಕೆಸುವಿಗೆ ಹುಳಿ ಬೀಳದಿದ್ದರೆ ಗಂಟಲು ಕೆರೆಯುತ್ತದೆ. ಅಣಬೆಯ ಮಾತಂತೂ ಹೇಳಲೇಬೇಕಾಗಿಲ್ಲ. ವಿಷವನ್ನು ಊಟವಾಗಿಸುವ ಈ ಕೈಗಾರಿಕೆಯನ್ನು ಹಸಿವು ಕಲಿಸಿತು, ಹೆಂಗಸರು ಉಳಿಸಿದರು. ಮದ್ದುಸೊಪ್ಪಿನ ಪಾಯಸ ಆ ಬಡ ತಿಂಗಳ ನಡುವೆ ಒಂದು ಸಿಹಿ ದಿನ. ಅದರ ಮೇಲೆ ಬೀಳುವ ಜೇನಿಗೂ ಒಂದು ದುಃಖದ ಕಥೆಯಿದೆ. ಭಾಗಮಂಡಲ ಜೇನಿಗೆ ಹೆಸರಾದ ಊರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿದಾಗ ಕೊಡಗಿನ ಪೆಟ್ಟಿಗೆಗಳೂ ಬರಿದಾದುವು.

ಇನ್ನು ಕಾಚಂಪುಳಿ. ಇದನ್ನು ಕೊಡಗಿನವರು ಎಂದೂ ಮಾಯಾವಸ್ತುವೆಂದು ಕರೆದವರಲ್ಲ. ಮಳೆಗಾಲದಲ್ಲಿ ಮಾಗಿದ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಹಾಕಿ, ಕೆಳಗೆ ತೊಟ್ಟಿಕ್ಕಿದ ರಸವನ್ನು ಕಪ್ಪಾಗಿ ಮಂದವಾಗುವತನಕ ಕಾಯಿಸಿ ಶೀಶೆಗೆ ತುಂಬಿಡುತ್ತಾರೆ, ವರ್ಷಗಟ್ಟಲೆ ಕೆಡದು. ಹಂದಿಮಾಂಸಕ್ಕೆ ಹುಳಿ ಬೇಕು, ಅಷ್ಟೆ. ಮಲೆನಾಡಿನವರು ಇದೇ ಮರವನ್ನು ಉಪ್ಪಾಗೆ ಎನ್ನುತ್ತಾರೆ. ಆದರೆ ಇದರ ಸಿಪ್ಪೆಯಲ್ಲಿರುವ ಆಮ್ಲ ಬೊಜ್ಜು ಕರಗಿಸುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಕಡಲಾಚೆಗೆ ಅದು ಗಾರ್ಸೀನಿಯಾ ಎಂಬ ಹೆಸರಿನಲ್ಲಿ ಮಂತ್ರದ ಪುಡಿಯಾಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಒಂದು ಪರೀಕ್ಷೆಯ ಫಲವನ್ನು ಅಚ್ಚುಮಾಡಿತು: 135 ಮಂದಿ, 12 ವಾರ, ಆಮ್ಲದ ಗುಳಿಗೆ ನುಂಗಿದವರ ತೂಕ ಹುಸಿಗುಳಿಗೆ ನುಂಗಿದವರದಕ್ಕಿಂತ ಹೆಚ್ಚೇನೂ ಇಳಿದಿರಲಿಲ್ಲ. ವ್ಯಾಪಾರವೇನೂ ಅದರಿಂದ ನಿಲ್ಲಲಿಲ್ಲ. ಇತ್ತ ಉತ್ತರ ಕನ್ನಡದ ಕಾಡುಗಳಲ್ಲಿ ಕಾಯಿ ಹಣ್ಣಾಗುವ ಮೊದಲೇ ಕೊಂಬೆಗಳು ಬಿದ್ದುವು. ಮಳೆಯ ಹೊತ್ತಿನಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಹಳೆಯ ಕಟ್ಟಳೆಗಳ ಬೆಲೆ ತಿಳಿಯುತ್ತದೆ. ವರ್ಷಕ್ಕೊಂದೇ ದಿನ ಎಂಬ ನಿಯಮವಿದ್ದುದರಿಂದ ಮದ್ದುಸೊಪ್ಪಿನ ಗಿಡಕ್ಕೆ ಉಳಿದ ದಿನಗಳೆಲ್ಲ ಬಿಡುವಾಗಿದ್ದುವು. ಗಿಡವನ್ನು ತಾನೇ ಗುರುತಿಸಿ ಕಿತ್ತು ತರಬೇಕಾದುದರಿಂದ ಅಜ್ಜಿಯ ಕಣ್ಣು ಮೊಮ್ಮಗಳಿಗೆ ದಾಟುತ್ತಿತ್ತು. ಉಪ್ಪಾಗೆಯ ಪುಡಿಗೆ ದಿನವೂ ಇಲ್ಲ, ಕಣ್ಣೂ ಬೇಡ. ಈಗ ಮದ್ದುಸೊಪ್ಪಿನ ರಸವನ್ನೂ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ಊರು ಬಿಟ್ಟವರಿಗೆ ಅದು ಅನುಕೂಲವೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಬಾಟಲಿ ಬೇಸಗೆಯಲ್ಲಿಯೂ ಸಿಕ್ಕಿದರೆ, ಗಿಡ ಬೇಸಗೆಯಲ್ಲಿಯೂ ಕತ್ತಿಗೆ ಸಿಕ್ಕಂತೆಯೇ.

ಸದ್ಯಕ್ಕಂತೂ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಮಡಿಕೇರಿಯ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟುಗಳು ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನ ಮಕ್ಕಳಿಗೆಂದು ಬಸ್ಸಿನಲ್ಲಿ ಕಳಿಸುವವರೂ ಇದ್ದಾರೆ. ಕಟ್ಟಿನೊಳಗೆ ಬೇರೆ ಎಲೆ ಸೇರಿದೆಯೇ ಎಂದು ಬಿಚ್ಚಿ, ಒಂದೊಂದೇ ಗೆಲ್ಲನ್ನು ಮೂಸಿ ನೋಡಿ ಕೊಳ್ಳುವ ಹಿರಿಯ ಹೆಂಗಸರು ಆ ಗದ್ದಲದ ನಡುವೆ ಇನ್ನೂ ಕಾಣಸಿಗುತ್ತಾರೆ.