ಹಿರಿಯ ಪಾದಯಾತ್ರಿಕನ ಹೊಣೆ

ಚನ್ನರಾಯಪಟ್ಟಣದ ಹಿರಿಯರೊಬ್ಬರು, ೬೮ ವರ್ಷ ತುಂಬಿದವರು, ಮುಂದಿನ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಕಾಲ್ನಡೆಯಲ್ಲಿಯೇ ಹೋಗಬೇಕೆಂದು ಮನಸ್ಸು ಮಾಡಿದರೆನ್ನಿ. ಮನೆಯಲ್ಲಿ ಒಡನೆಯೇ ಮಾತು ಏಳುತ್ತದೆ. "ದಾರಿಯಲ್ಲಿ ಏನಾದರೂ ಆದರೆ ಗತಿಯೇನಪ್ಪಾ? ಮೊದಲು ಒಂದು ವಿಮೆ ಮಾಡಿಸೋಣ, ಆಮೇಲೆ ಹೊರಡಿ" ಎನ್ನುತ್ತಾನೆ ಮಗ. ಇಬ್ಬರೂ ವಿಮಾ ಕಛೇರಿಗೆ ಹೋದರೆ ಅಲ್ಲಿ ಕೇಳುವ ಮೊದಲನೆಯ ಪ್ರಶ್ನೆಯೇ "ಯಜಮಾನರಿಗೆ ವಯಸ್ಸೆಷ್ಟು?" ಎಂಬುದು.

ದೂರ ಹೊರಟ ಮುದುಕನ ಹೊಣೆ ಯಾರದು ಎಂಬುದು ಇಂದಿನ ಪ್ರಶ್ನೆಯಲ್ಲ. ಹಾಸನದ ಸೀಮೆಯಲ್ಲಿ ಅದಕ್ಕೆ ಏಳೂವರೆ ಶತಮಾನದ ಚರಿತ್ರೆಯುಂಟು. ಆ ಚರಿತ್ರೆಯನ್ನು ಸ್ವಲ್ಪ ಅರಿತರೆ, ಇಂದು ವಿಮಾ ಕಛೇರಿಯ ಮೇಜಿನ ಮುಂದೆ ಏನನ್ನು ಕೇಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಹಿಂದಿನ ಕಾಲದಲ್ಲಿ ವಯಸ್ಸೆಂಬುದು ಯಾತ್ರೆಗೆ ಅಡ್ಡಿಯಾಗಿರಲಿಲ್ಲ. ವಯಸ್ಸಾಯಿತೆಂಬುದೇ ಯಾತ್ರೆಗೆ ಕಾರಣವಾಗಿತ್ತು. ಮಕ್ಕಳ ಮದುವೆ ಮುಗಿಸಿ, ಸಾಲ ತೀರಿಸಿ, ಮನೆಯ ಬೀಗದ ಕೈಯನ್ನು ಹಿರಿಯ ಮಗನಿಗೆ ಒಪ್ಪಿಸಿ ಕಾಶಿಗೆ ಹೊರಡುವುದು ವಾಡಿಕೆ. ನೆಂಟರಿಷ್ಟರು ಊರ ಗಡಿಯವರೆಗೆ ಬಂದು ಕಳುಹಿಸಿಕೊಡುತ್ತಿದ್ದರು. ತಿಂಗಳುಗಟ್ಟಲೆ ನಡೆಯಬೇಕಾದ ದಾರಿ. ಹೋದವರೆಲ್ಲರೂ ಹಿಂದಿರುಗುತ್ತಾರೆಂಬ ಭರವಸೆ ಯಾರಿಗೂ ಇರಲಿಲ್ಲ.

ಹೀಗೆ ಹೊರಟವರಿಗೆ ಏನಾದರೂ ಆಸರೆ ಇತ್ತೆ? ಇತ್ತು. ದೋರಸಮುದ್ರದಿಂದ, ಎಂದರೆ ಇಂದಿನ ಹಳೇಬೀಡಿನಿಂದ, ಆಳುತ್ತಿದ್ದ ಹೊಯ್ಸಳ ಮೂರನೆಯ ನರಸಿಂಹನ ೧೨೭೯ರ ಶಾಸನವೊಂದು ಹಾಸನ ಜಿಲ್ಲೆಯ ಪೂರಕ ಶಾಸನಗಳ ಸಂಪುಟದಲ್ಲಿ ಅಚ್ಚಾಗಿದೆ. ಆಗ ಕಾಶಿಯಲ್ಲಿ ಯಾತ್ರಿಕರ ಮೇಲೆ ತೆರಿಗೆಯಿತ್ತು. ಅದನ್ನು ಸಲ್ಲಿಸುವುದಕ್ಕೂ ವಿಶ್ವೇಶ್ವರನ ಸೇವೆಗೂ ಆಗಲೆಂದು ಅರಸನು ಹೆಬ್ಬಾಲೆ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಆ ಗ್ರಾಮದ ವಾರ್ಷಿಕ ಹುಟ್ಟುವಳಿ ೬೪೫ ನಿಷ್ಕ. ಅದರ ಪ್ರಯೋಜನವನ್ನು ಕನ್ನಡಿಗರಿಗೆ ಮಾತ್ರ ಮೀಸಲಿಡಲಿಲ್ಲ. ತೆಲುಗರು, ತುಳುವರು, ಮಲೆಯಾಳದವರು, ದೂರದ ಗೌಡ ಮತ್ತು ತೀರಭುಕ್ತಿ ದೇಶದವರೂ ಅದರಲ್ಲಿ ಸೇರಿದ್ದರು.

ಇದರ ಸ್ವರೂಪವನ್ನು ವಾಚಕರು ಗಮನಿಸಬೇಕು. ಒಂದು ಹಳ್ಳಿಯ ರೈತರು ಬೆಳೆದ ಬೆಳೆಯ ಪಾಲು ಒಂದು ನಿಧಿಯಾಗಿ ಕೂಡುತ್ತದೆ. ಆ ಹಳ್ಳಿಯನ್ನು ಎಂದೂ ಕಾಣದ ಯಾತ್ರಿಕನೊಬ್ಬನಿಗೆ ಸಾವಿರ ಮೈಲಿಯಾಚೆ ಅದು ಒದಗುತ್ತದೆ. ಒಬ್ಬನ ಮೇಲೆ ಬೀಳುವ ಭಾರವನ್ನು ಹಲವರು ಹಂಚಿಕೊಳ್ಳುವುದೇ ವಿಮೆಯ ತಿರುಳಾದರೆ, ಆ ತಿರುಳು ಇಲ್ಲಿಯೂ ಇದೆ. ಆದರೆ ಯಾತ್ರಿಕನ ಹೆಸರಿನಲ್ಲಿ ಕಾಗದವಿಲ್ಲ, ಅವನು ಕಟ್ಟಿದ ಕಂತಿಲ್ಲ, ಅವನ ವಯಸ್ಸಿನ ಲೆಕ್ಕವೂ ಇಲ್ಲ.

ನಮ್ಮ ನಾಲ್ಕು ಊರುಗಳ ನಡುವಿನ ದಾರಿಗಳಲ್ಲಿಯೂ ಇಂತಹ ಏರ್ಪಾಡು ಸಣ್ಣ ಪ್ರಮಾಣದಲ್ಲಿ ನಡೆದುಬಂದಿತು. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಸುಮಾರು ೩೮ ಕಿಲೋಮೀಟರು. ವಯಸ್ಸಾದವರಿಗೆ ಅದು ಎರಡು ದಿನದ ನಡಿಗೆ. ನಡುವೆ ಸಾಲುಮರದ ನೆರಳು, ತಲೆಹೊರೆ ಇಳಿಸಲು ಹೊರೆಗಲ್ಲು, ಬೇಸಿಗೆಯಲ್ಲಿ ನೀರುಮಜ್ಜಿಗೆಯ ಅರವಟ್ಟಿಗೆ, ರಾತ್ರಿ ತಂಗಲು ಮಂಟಪ ಅಥವಾ ಛತ್ರ. ಹೊಳೆನರಸೀಪುರದಲ್ಲಿ ಹೇಮಾವತಿಯನ್ನೂ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯನ್ನೂ ಮಳೆಗಾಲದಲ್ಲಿ ದಾಟುವುದೆಂದರೆ ಹರಿಗೋಲಿನವನನ್ನು ನಂಬಬೇಕು, ಇಲ್ಲವೆ ಪ್ರವಾಹ ಇಳಿಯುವವರೆಗೆ ದಡದಲ್ಲಿ ಕಾಯಬೇಕು. ಹಾಗೆ ಕಾಯುವವರಿಗೆ ಛತ್ರವೇ ಮನೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಗಳನ್ನು ನೋಡಿದರೆ, ಎಷ್ಟು ದೂರದಿಂದ ಜನ ನಡೆದು ಬರುತ್ತಿದ್ದರೆಂಬುದು ತಿಳಿಯುತ್ತದೆ. ಗೊಮ್ಮಟನ ಪ್ರತಿಷ್ಠೆಯಾದುದು ೯೮೧ರಲ್ಲಿ ಎಂದು ಎಣಿಕೆ. ಅಲ್ಲಿನ ನೂರಾರು ಶಾಸನಗಳಲ್ಲಿ, ಉತ್ತರ ಹಿಂದೂಸ್ಥಾನದಿಂದ ಬಂದ ಯಾತ್ರಿಕರು ತಮ್ಮ ಲಿಪಿಯಲ್ಲಿಯೇ ಕೊರೆಸಿದ ಬರಹಗಳೂ ಸೇರಿವೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಹತ್ತಲಾರದ ವೃದ್ಧರನ್ನು ಹೊತ್ತೊಯ್ಯುವ ಡೋಲಿಯವರು ಇಂದಿಗೂ ಬೆಟ್ಟದ ಬುಡದಲ್ಲಿದ್ದಾರೆ.

ಇಷ್ಟನ್ನು ಹೇಳಿ ಹಳೆಯ ಕಾಲವೇ ಚೆನ್ನೆಂದು ಮುಗಿಸಿಬಿಟ್ಟರೆ ಅದು ಅರ್ಧಸತ್ಯವಾದೀತು. ಛತ್ರದ ಬಾಗಿಲಲ್ಲಿ ವಯಸ್ಸನ್ನು ಕೇಳುತ್ತಿರಲಿಲ್ಲ ನಿಜ. ಆದರೆ ಬಹುಕಡೆ ಜಾತಿಯನ್ನು ಕೇಳುತ್ತಿದ್ದರು. ಒಳಗೆ ಎಲೆ ಹಾಕಿಸಿಕೊಂಡವರು ಕೆಲವರು. ಹೊರಗೆ ಮರದಡಿಯಲ್ಲಿ ಮಲಗಿದವರು ಹಲವರು. ಹಣವಿದ್ದವರು ಕಳ್ಳರ ಭಯಕ್ಕಾಗಿ ಹುಂಡಿ ಬರೆಸಿಕೊಂಡು, ಮುಂದಿನ ಪಟ್ಟಣದ ಸಾಹುಕಾರನಲ್ಲಿ ಹಣ ಪಡೆಯುತ್ತಿದ್ದರು. ಅದು ಹಣಕ್ಕೆ ಕಾವಲು, ದೇಹಕ್ಕಲ್ಲ. ದಾರಿಯಲ್ಲಿ ಕಾಲು ಮುರಿದವನ ಚಿಕಿತ್ಸೆಗೆ, ಸತ್ತವನ ಹೆಂಡತಿಯ ಜೀವನಕ್ಕೆ ಯಾವ ದತ್ತಿಯೂ ಲೆಕ್ಕ ಕಟ್ಟಿಕೊಡುತ್ತಿರಲಿಲ್ಲ. ಕೊಟ್ಟರೆ ಧರ್ಮ, ಕೊಡದಿದ್ದರೆ ಕೇಳುವ ಹಕ್ಕಿಲ್ಲ.

ಆ ಹಕ್ಕನ್ನು ಕೊಟ್ಟುದು ವಿಮೆ. ಆದರೆ ಹಕ್ಕಿನ ಜೊತೆಯಲ್ಲಿಯೇ ವಯಸ್ಸಿನ ಪ್ರಶ್ನೆಯೂ ಬಂದಿತು. ಲಂಡನ್ನಿನಲ್ಲಿ ೧೭೬೨ರಲ್ಲಿ ಹುಟ್ಟಿದ ಈಕ್ವಿಟಬಲ್ ಸಂಸ್ಥೆಯು, ಯಾವ ವಯಸ್ಸಿನಲ್ಲಿ ನೂರಕ್ಕೆ ಎಷ್ಟು ಜನ ಸಾಯುತ್ತಾರೆಂಬ ಕೋಷ್ಟಕವನ್ನು ಮುಂದಿಟ್ಟುಕೊಂಡು, ಅದಕ್ಕೆ ತಕ್ಕಂತೆ ಕಂತನ್ನು ಗೊತ್ತುಮಾಡಿತು. ಇಪ್ಪತ್ತೈದರವನಿಗೂ ಅರವತ್ತೈದರವನಿಗೂ ಒಂದೇ ಕಂತಾದರೆ, ಚಿಕ್ಕವರು ಬಿಟ್ಟುಹೋಗಿ ದೊಡ್ಡವರೇ ಉಳಿದು ನಿಧಿ ಬರಿದಾಗುತ್ತದೆ. ಆದುದರಿಂದ ಈ ಲೆಕ್ಕ ಅನ್ಯಾಯವೆನ್ನಲಾಗದು. ನಮ್ಮ ಮೈಸೂರು ಸಂಸ್ಥಾನವು ೧೮೯೧ರಷ್ಟು ಹಿಂದೆಯೇ ಸರ್ಕಾರಿ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿತು. ಹಾಸನದ ಗುಮಾಸ್ತರಿಗೆ ಅದರಿಂದ ಉಪಕಾರವಾಯಿತು. ಆದರೆ ಅದು ನೌಕರಿಯಲ್ಲಿರುವವನ ಸಂಸಾರಕ್ಕೆ ಆಧಾರ. ನಿವೃತ್ತನಾಗಿ ಕೋಲು ಹಿಡಿದು ಹೊರಟವನ ದಾರಿಗೆ ಮಾಡಿದ ಏರ್ಪಾಡಲ್ಲ.

ದಾರಿಗೆಂದೇ ವಿಮೆ ಬಂದುದು ರೈಲಿನ ಬೆನ್ನುಹತ್ತಿ. ಇಂಗ್ಲೆಂಡಿನಲ್ಲಿ ೧೮೪೯ರಲ್ಲಿ ಸ್ಥಾಪಿತವಾದ ರೈಲ್ವೆ ಪ್ರಯಾಣಿಕರ ವಿಮಾ ಕಂಪನಿಯು ನಿಲ್ದಾಣದ ಕಿಟಕಿಯಲ್ಲಿಯೇ ವಿಮೆಯ ಚೀಟಿಯನ್ನು ಮಾರಿತು. ಮೊದಲನೆಯ ದರ್ಜೆಯವನಿಗೆ ೩ ಪೆನ್ಸಿಗೆ ೧,೦೦೦ ಪೌಂಡು, ಮೂರನೆಯ ದರ್ಜೆಯವನಿಗೆ ೧ ಪೆನ್ನಿಗೆ ೨೦೦ ಪೌಂಡು. ಚೀಟಿ ಆ ಪ್ರಯಾಣಕ್ಕೆ ಮಾತ್ರ. ರೈಲು ಹೊತ್ತೊಯ್ಯುವ ದಾರಿಯ ಅಪಾಯಕ್ಕೆ ಮಾತ್ರ. ಅದೇ ಪದ್ಧತಿ ನಮ್ಮಲ್ಲಿಯೂ ಮುಂದುವರಿದಿದೆ. ೨೦೧೬ರಿಂದ ಅಂತರ್ಜಾಲದಲ್ಲಿ ರೈಲು ಟಿಕೆಟ್ಟು ಕೊಳ್ಳುವವರು ಒಂದು ರೂಪಾಯಿಗೂ ಕಡಮೆ ಹಣಕ್ಕೆ ಅಪಘಾತ ವಿಮೆ ಪಡೆಯಬಹುದು. ಚನ್ನರಾಯಪಟ್ಟಣದ ಮೂಲಕ ಬೆಂಗಳೂರು–ಹಾಸನ ರೈಲು ಓಡತೊಡಗಿದುದು ೨೦೧೭ರಲ್ಲಿ. ಆ ಗಾಡಿಯಲ್ಲಿ ಕುಳಿತವನಿಗೆ ವಿಮೆ ಅಷ್ಟು ಅಗ್ಗ; ಪಕ್ಕದ ರಸ್ತೆಯಲ್ಲಿ ನಡೆದು ಹೋಗುವವನಿಗೆ ಇಲ್ಲ. ಏಕೆಂದರೆ ಪ್ರಯಾಣದ ವಿಮೆ ಟಿಕೆಟ್ಟಿನ ಬೆನ್ನಿಗೆ ಅಂಟಿಕೊಂಡು ಹುಟ್ಟಿತು, ನಡೆಯುವವನಿಗೆ ಟಿಕೆಟ್ಟೆಲ್ಲಿಯದು?

ಹೀಗಾಗಿ ಪಾದಯಾತ್ರಿಕನು ಪ್ರವಾಸ ವಿಮೆಗಿಂತ ಮಿಗಿಲಾಗಿ ಆರೋಗ್ಯ ವಿಮೆಯನ್ನೂ ಅಪಘಾತ ವಿಮೆಯನ್ನೂ ನೆಚ್ಚಬೇಕಾಗುತ್ತದೆ. ಇವುಗಳ ಇತ್ತೀಚಿನ ಚರಿತ್ರೆಯೂ ತಿಳಿಯತಕ್ಕದ್ದೇ. ಜೀವವಿಮೆಯು ೧೯೫೬ರ ಸೆಪ್ಟೆಂಬರ್ ೧ರಂದು ಒಂದೇ ನಿಗಮಕ್ಕೆ ಸೇರಿತು. ಇತರ ವಿಮೆಗಳು ೧೯೭೩ರ ಜನವರಿ ೧ರಿಂದ ರಾಷ್ಟ್ರೀಕೃತವಾಗಿ ನಾಲ್ಕು ಕಂಪನಿಗಳ ಕೈಗೆ ಬಂದವು. ೧೯೯೯ರ ಕಾಯಿದೆಯ ತರುವಾಯ ಖಾಸಗಿ ಕಂಪನಿಗಳೂ ಮರಳಿ ಬಂದವು. ೨೦೧೩ರ ನಿಯಮಗಳು ಎರಡು ಉಪಕಾರ ಮಾಡಿದವು: ಆರೋಗ್ಯ ವಿಮೆಗೆ ಕಡೆಯಪಕ್ಷ ೬೫ ವರ್ಷದವರೆಗೆ ಹೊಸಬರನ್ನು ಸೇರಿಸಿಕೊಳ್ಳಬೇಕೆಂದವು, ಒಮ್ಮೆ ಸೇರಿದವನು ಬದುಕಿರುವವರೆಗೂ ನವೀಕರಿಸಬಹುದೆಂದವು. ೬೫ ಎಂಬುದು ಕಂಪನಿಗಳಿಗೆ ಇಟ್ಟ ಕನಿಷ್ಠ ಮಟ್ಟವಾಗಿದ್ದರೂ, ನಡೆವಳಿಕೆಯಲ್ಲಿ ಬಹುಪಾಲು ಮುದುಕರ ಮುಂದೆ ಅದೇ ಗೋಡೆಯಾಗಿ ನಿಂತಿತು. ೨೦೨೪ರ ಏಪ್ರಿಲ್‌ನಿಂದ ಆ ಗೋಡೆ ನಿಯಮದಲ್ಲಿ ಉಳಿದಿಲ್ಲ. ಎಲ್ಲ ವಯಸ್ಸಿನವರಿಗೂ ಒದಗುವ ಪಾಲಿಸಿಗಳನ್ನು ಕಂಪನಿಗಳು ಇಡಬೇಕು. ಮೊದಲೇ ಇದ್ದ ಕಾಯಿಲೆಗಾಗಿ ಕಾಯಿಸುವ ಅವಧಿಯು ೪೮ ತಿಂಗಳಿದ್ದುದು ಹೆಚ್ಚೆಂದರೆ ೩೬ ತಿಂಗಳಿಗೆ ಇಳಿದಿದೆ. ವ್ಯಕ್ತಿಗತ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಸರಕು ಸೇವಾ ತೆರಿಗೆಯೂ ೨೦೨೫ರ ಸೆಪ್ಟೆಂಬರ್ ೨೨ರಿಂದ ಹೋಗಿದೆ.

ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಕಂತು ಅಗ್ಗವಾಯಿತೆಂದಲ್ಲ. ೩೬ ತಿಂಗಳೆಂಬ ಮಾತನ್ನೂ ಮರೆಯಬಾರದು. ಸಕ್ಕರೆ ಕಾಯಿಲೆಯೋ ರಕ್ತದ ಒತ್ತಡವೋ ಇರುವವರು ಶಿವರಾತ್ರಿಗೆ ತಿಂಗಳಿರುವಾಗ ಹೊಸ ಪಾಲಿಸಿ ಕೊಂಡರೆ, ಆ ಕಾಯಿಲೆಯ ಖರ್ಚು ಈ ಯಾತ್ರೆಗೆ ಸಿಗದೆ ಹೋಗಬಹುದು. ಆದುದರಿಂದ ಹಳೆಯ ಪಾಲಿಸಿ ಇದ್ದವರು ಅದನ್ನು ಎಂದಿಗೂ ಕೈಬಿಡಬಾರದು. ಮಕ್ಕಳ ಪಾಲಿಸಿಯಲ್ಲಿ ತಮ್ಮ ಹೆಸರಿದೆಯೆ ಎಂದು ಮೊದಲು ನೋಡಬೇಕು. ಕಾಯಿಲೆಯನ್ನು ಬಚ್ಚಿಟ್ಟು ಅರ್ಜಿ ತುಂಬಿದರೆ ಬೇಕಾದ ಹೊತ್ತಿಗೆ ಹಣ ಕೈಗೆ ಬಾರದು.

ಇನ್ನೊಂದು ಭೇದವನ್ನು ಚೆನ್ನಾಗಿ ನೆನಪಿಡಿ. ಅಪಘಾತ ವಿಮೆ ಬೇರೆ, ಕಾಯಿಲೆಯ ವಿಮೆ ಬೇರೆ. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ವಿಮಾ ಯೋಜನೆಯಲ್ಲಿ, ಬ್ಯಾಂಕಿನಲ್ಲಿ ಖಾತೆಯಿರುವ ೧೮ರಿಂದ ೭೦ ವರ್ಷದವರು ವರ್ಷಕ್ಕೆ ೨೦ ರೂಪಾಯಿ ಕಟ್ಟಿ ಸೇರಬಹುದು. ಅಪಘಾತದಿಂದ ಮರಣ ಹೊಂದಿದರೆ ೨ ಲಕ್ಷ ರೂಪಾಯಿ ಮನೆಯವರಿಗೆ ಸಲ್ಲುತ್ತದೆ. ರಸ್ತೆಯ ಅಂಚಿನಲ್ಲಿ ನಡೆಯುವವನಿಗೆ ಲಾರಿ ತಗುಲಿದರೆ ಇದು ಒದಗುತ್ತದೆ; ಘಟ್ಟ ಹತ್ತುವಾಗ ಎದೆನೋವು ಬಂದು ಆಸ್ಪತ್ರೆ ಸೇರಿದರೆ ಒದಗುವುದಿಲ್ಲ. ಹಿರಿಯರಿಗೆ ಭಯ ಎರಡೂ ಕಡೆಯಿಂದ ಇರುವುದರಿಂದ ಕೇವಲ ಒಂದನ್ನು ನಂಬಿ ಹೊರಡುವುದು ಜಾಣತನವಲ್ಲ. ೭೦ ದಾಟಿದವರಿಗೆ ಈ ಯೋಜನೆಯೂ ಮುಗಿಯುತ್ತದೆ.

ಟಿಕೆಟ್ಟಿಲ್ಲದವನಿಗೆ ಟಿಕೆಟ್ಟು ಕೊಡುವ ಯುಕ್ತಿಯನ್ನು ಕೆಲವು ಕ್ಷೇತ್ರಗಳು ಕಂಡುಕೊಂಡಿವೆ. ವೈಷ್ಣೋದೇವಿಗೆ ನಡೆದು ಹೋಗುವವರು ಹೆಸರು ಬರೆಸಿ ಯಾತ್ರಾಚೀಟಿ ಪಡೆದರೆ ಅದರೊಡನೆಯೇ ಅಪಘಾತ ವಿಮೆ ಸೇರಿರುತ್ತದೆ. ಆದರೆ ಅಮರನಾಥದಂಥ ಕಠಿನ ಯಾತ್ರೆಗೆ ಇತ್ತೀಚಿನ ವರ್ಷಗಳಲ್ಲಿ ೧೩ರಿಂದ ೭೦ರವರೆಗಿನವರನ್ನು ಮಾತ್ರ, ಅದೂ ವೈದ್ಯರ ಪ್ರಮಾಣಪತ್ರವಿದ್ದರೆ, ಬಿಡುತ್ತಾರೆ. ನಮ್ಮ ಕಡೆ ಗುಂಪು ಕಟ್ಟಿಕೊಂಡು ಪಾದಯಾತ್ರೆ ಹೊರಡುವವರು, ಇಡೀ ಗುಂಪಿಗೆ ಒಂದೇ ಅಪಘಾತ ಪಾಲಿಸಿ ದೊರೆಯುವುದೆ, ಅದರಲ್ಲಿ ಹಿರಿಯರ ವಯಸ್ಸಿನ ಮಿತಿ ಏನೆಂದು ಬರಹದಲ್ಲಿಯೇ ಕೇಳಿ ಪಡೆಯುವುದು ಒಳ್ಳೆಯದು.

ಇಷ್ಟಾದರೂ ಹೆಬ್ಬಾಲೆಯ ದತ್ತಿಯ ಹಿಂದಿದ್ದ ಬುದ್ಧಿ ಸತ್ತಿಲ್ಲ. ಶಿವರಾತ್ರಿಗೆ ಮುನ್ನ ಚನ್ನರಾಯಪಟ್ಟಣ, ಹಾಸನ, ಸಕಲೇಶಪುರದ ಹೆದ್ದಾರಿಯನ್ನು ನೋಡಿ: ಬೆಂಗಳೂರಿನ ಕಡೆಯಿಂದ ಸಾಲುಸಾಲಾಗಿ ನಡೆದು ಬರುವವರಿಗೆ ಹಳ್ಳಿಯ ಜನ ಶಾಮಿಯಾನ ಹಾಕಿ ಮಜ್ಜಿಗೆ, ಹಣ್ಣು, ಊಟ ಕೊಡುತ್ತಾರೆ; ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರೂ ಉಂಟು. ೨೦೦೮ರ ನವೆಂಬರಿನಿಂದ ರಾಜ್ಯದಲ್ಲಿ ೧೦೮ಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಬರುತ್ತದೆ. ಅದು ಕಂತು ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ, ಹಳೆಯ ಛತ್ರದಂತೆ ಜಾತಿಯನ್ನೂ ಕೇಳುವುದಿಲ್ಲ. ಎಲ್ಲರ ತೆರಿಗೆಯಿಂದ ನಡೆಯುವ ಈ ಏರ್ಪಾಡು ೬೪೫ ನಿಷ್ಕದ ಆ ನಿಧಿಗೆ ದೂರದ ನೆಂಟು.

ನಿಮ್ಮ ಮನೆಯಲ್ಲಿಯೂ ಇಂತಹ ಯಾತ್ರೆಯ ಮಾತು ಎದ್ದಿದ್ದರೆ, "ಈ ವಯಸ್ಸಿನಲ್ಲಿ ಬೇಡ" ಎಂದು ಹಿರಿಯರನ್ನು ತಡೆಯುವ ಮೊದಲು ಒಂದು ಸಂಜೆ ಕುಳಿತು ಹಳೆಯ ಪಾಲಿಸಿಯ ಕಾಗದಗಳನ್ನು ಬಿಚ್ಚಿ ನೋಡಿ. ಯಾವ ಖರ್ಚು ಯಾರ ಹೊಣೆ ಎಂಬುದನ್ನು ಬರೆದಿಡಿ. ವೈದ್ಯರನ್ನು ಕಂಡು ಬನ್ನಿ. ಪಾಲಿಸಿಯ ಸಂಖ್ಯೆ, ನಿತ್ಯದ ಮಾತ್ರೆಗಳ ಹೆಸರು, ಮನೆಯ ಫೋನು ಇವನ್ನು ಒಂದು ಚೀಟಿಯಲ್ಲಿ ಬರೆದು ಯಾತ್ರಿಕರ ಜೋಳಿಗೆಯಲ್ಲೊಂದು, ಜೊತೆಗಾರರ ಕೈಯಲ್ಲೊಂದು ಇರಿಸಿ. ಆಮೇಲೆ ಹಿಂದಿನವರಂತೆ ಊರ ಗಡಿಯವರೆಗೆ ಹೋಗಿ ಸಂತೋಷದಿಂದ ಕಳುಹಿಸಿಕೊಡಿ.